ಮಣ್ಣು ಹಾಕಿದರೆ ಉರಿಯುವ ಊರು

ಇಲ್ಲಿಗೆ ಬಂದ ಮಾರನೆಯ ದಿನ ಬೆಳಿಗ್ಗೆ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನಮ್ಮ ಮನೆಯ ಹಿಂದೆ ನಿಂತು ಮೂರಾಳುದ್ದದ ಗಳುವೊಂದನ್ನು ನೆಲಕ್ಕೆ ಊರಿದರು. ಬಾವಿಗೆ ಹಗ್ಗ ಇಳಿಬಿಡುವವರ ಹಾಗೆ ಕೈ ಬದಲಿಸುತ್ತಾ ಒತ್ತತೊಡಗಿದರು. ಬಿಸಿ ಮುದ್ದೆಯೊಳಗೆ ಬೆರಳು ಇಳಿದಂತೆ ಅದು ಇಳಿಯಿತು. ಇಳಿಯುತ್ತಲೇ ಹೋಯಿತು. ಕೊನೆಗೆ ಅಜ್ಜಿಯ ಮುಷ್ಟಿ ನೆಲ ಮುಟ್ಟಿತು, ಗಳು ಪೂರಾ ಒಳಗೆ. ಒಂದು ಕಲ್ಲು ಅಡ್ಡ ಬರಲಿಲ್ಲ, ಒಂದು ಸದ್ದಿಲ್ಲ. ಅಜ್ಜಿ ನಮ್ಮ ಮುಖ ನೋಡಿ ಬೊಚ್ಚುಬಾಯಿ ತೆರೆದು ನಕ್ಕರು.

ನಾನು ಮಾಸ್ತಿ ಹೋಬಳಿಯವಳು. ಹಾರೆ ಹಾಕಿದರೆ ಕಿಡಿ ಹಾರುವ ನೆಲದಲ್ಲಿ ಹುಟ್ಟಿದವಳು. ನಮ್ಮ ಯಜಮಾನರು ಮುಳಬಾಗಿಲು ಕಡೆಯವರು, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಇಪ್ಪತ್ತು ವರ್ಷ ಬೋರ್‌ವೆಲ್ ಲಾರಿಗಳಲ್ಲಿ ಮೆಕ್ಯಾನಿಕ್ ಆಗಿದ್ದವರು. ಸಾವಿರದ ಐನೂರು ಅಡಿ ಕೊರೆದು ಬರೀ ಬಿಳಿ ಪುಡಿ ಎದ್ದದ್ದನ್ನು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಆ ಗಳು ಮಾಯವಾದ ಜಾಗವನ್ನೇ ನೋಡುತ್ತಾ ಅವರು, "ಓರಿ ದೇವುಡಾ! ಇದು ನೆಲನಾ, ಹಾಸಿಗೇನಾ?" ಅಂದರು.

ಊರಿನಲ್ಲಿರುವ ನಮ್ಮಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ನಂಬಲಿಲ್ಲ.

"ಕಾಲಡೀಲೇ ನೀರೈತೆ ಅಂತೀಯ. ಅಂಥಾ ಕಡೆ ಬೋರ್ ಯಾಕಮ್ಮಾ ಕೊರೀತಾರೆ? ನಿನ್ ಗಂಡಂಗೆ ತಲೆಗಿಲೆ ಕೆಟ್ಟೈತಾ?"

"ಬೆಂಕಿ ಆರ್ಸಕ್ಕಂತೆ ಅಪ್ಪಾ."

"ಯಾವ ಬೆಂಕಿ?"

"ನೆಲದ ಬೆಂಕಿ. ಬೇಸ್ಗೇಲಿ ಇಲ್ಲಿ ಮಣ್ಣೇ ಉರೀತದಂತೆ."

ಅಪ್ಪ, "ಸರಿಯಾಗಿ ಊಟ ಮಾಡಮ್ಮಾ" ಅಂತ ಫೋನ್ ಇಟ್ಟುಬಿಟ್ಟರು. ನನಗೂ ಆಗ ನಂಬಿಕೆ ಇರಲಿಲ್ಲ. ನಂಬದೇ ಇದ್ದದ್ದರಿಂದಲೇ ಪಕ್ಕದ ಮನೆಯ ಹೆಂಗಸಿನ ತೋಟ ನನ್ನ ಕೈಯಾರೆ ಹೋಗುವುದರಲ್ಲಿತ್ತು, ನನ್ನ ತಪ್ಪು ಆಕೆಯ ತಲೆಗೆ ಬರುವುದರಲ್ಲಿತ್ತು. ಅದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ. ಆದರೆ ಊರು ಎಂಥದ್ದು ಅಂತ ಗೊತ್ತಾಗದೆ ನನ್ನ ದಡ್ಡತನ ಎಷ್ಟು ದೊಡ್ಡದು ಅಂತ ನಿಮಗೆ ತಿಳಿಯುವುದಿಲ್ಲ. ಅದಕ್ಕೇ ಮೊದಲು ಊರು.

ನಾವಿರುವುದು ಬೋರ್ನಿಯೋ ದ್ವೀಪದ ಇಂಡೋನೇಷ್ಯಾ ಭಾಗದಲ್ಲಿ, ಕಾಲಿಮಂತಾನ್ ಎಂಬ ಸೀಮೆಯ ನದಿ ದಂಡೆಯ ಹಳ್ಳಿಯಲ್ಲಿ. ಮಗಳನ್ನು ಲಕ್ಕೂರಿಗೆ ಕೊಟ್ಟ ಮೇಲೆ ಮನೆಯಲ್ಲಿ ನಾವಿಬ್ಬರೇ. ನಮ್ಮ ಕಡೆಯ ರಿಗ್ಗಿನವರು ಎಲ್ಲೆಲ್ಲಿಗೋ ಹೋಗುತ್ತಾರೆ. ಇವರಿಗೆ ಇಲ್ಲಿ ಪಂಪು, ಪೈಪು, ಕೊರೆಯುವ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು. ನಾನು ಅಂಗನವಾಡಿ ಬಿಟ್ಟು ಹಿಂದೆ ಬಂದೆ. ಹದಿನೈದು ವರ್ಷ ಮಕ್ಕಳಿಗೆ ಕಾಡಿನ ಕಥೆ ಹೇಳಿದವಳು, ಕಾಡನ್ನು ಒಂದು ಸಲವಾದರೂ ನೋಡೋಣ ಅನ್ನಿಸಿತ್ತು.

ಈ ಕಾಡು ನಿಂತಿರುವುದು ಮಣ್ಣಿನ ಮೇಲಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಇಲ್ಲಿ ಎಲೆ ಉದುರಿ, ಕೊಂಬೆ ಮುರಿದು, ಮರ ಬಿದ್ದು ನೀರಿನಲ್ಲಿ ಮುಳುಗುತ್ತವೆ. ಮುಳುಗಿದ್ದು ಪೂರ್ತಿ ಕೊಳೆಯುವುದಿಲ್ಲ. ಅದರ ಮೇಲೆ ಇನ್ನೊಂದು ಮರ, ಅದರ ಮೇಲೆ ಮತ್ತೊಂದು. ಸಾವಿರಾರು ವರ್ಷ ಹೀಗೇ ಪೇರಿಸಿಕೊಂಡು ಒಂದು ಕಪ್ಪು ನೆಲ ಆಗಿದೆ. ಅದಕ್ಕೆ ಇವರು 'ಗಂಬುತ್' ಅನ್ನುತ್ತಾರೆ. ಕೈಯಲ್ಲಿ ಹಿಡಿದರೆ ನಮ್ಮ ಕೆರೆ ಗೋಡಿನಷ್ಟೇ ಕಪ್ಪು, ಆದರೆ ಹಗುರ. ಹಿಂಡಿದರೆ ನೀರು ಸುರಿಯುತ್ತದೆ, ಬೆರಳ ಸಂದಿಯಲ್ಲಿ ನಾರು ಉಳಿಯುತ್ತದೆ. ನೀರಿರುವ ತನಕ ಅದು ನೆಲ. ನೀರು ಬತ್ತಿದರೆ ಸೌದೆ.

ಕಲ್ಲಿಲ್ಲದ ಊರು ಇದು. ಕೋಲಾರದವರಿಗೆ ಇದು ಹೇಗೆ ಹೇಳಲಿ? ನಾಯಿ ಓಡಿಸಲು ಬಗ್ಗಿದರೆ ಕೈಗೆ ಒಂದು ಹರಳೂ ಸಿಗುವುದಿಲ್ಲ. ಮನೆಗಳೆಲ್ಲ ಮರದ ಕಾಲುಗಳ ಮೇಲೆ. ಮನೆಯಿಂದ ಮನೆಗೆ ಹಲಗೆಯ ದಾರಿ. ಅದರ ಮೇಲೆ ನಾನು ಮೊದಲ ವಾರ ಸೀರೆ ಎತ್ತಿಕೊಂಡು ಬಾತುಕೋಳಿಯ ಹಾಗೆ ನಡೆದೆ, ಎರಡನೆಯ ವಾರ ಚೂಡಿದಾರಕ್ಕೆ ಬಂದೆ. ನೀರಿನ ಬಣ್ಣ ಹಾಲು ಹಾಕದ ಟೀಯದು. ಎಲೆಗಳ ರಸ ಇಳಿದೂ ಇಳಿದೂ ಹಾಗಾಗಿದೆಯಂತೆ. ಯಜಮಾನರ ಬಿಳಿ ಬನಿಯನ್ನುಗಳು ಒಂದೇ ತಿಂಗಳಿಗೆ ಕಾವಿ ತೊಟ್ಟವು. ಇಷ್ಟು ನೀರಿನ ನಡುವೆ ಕುಡಿಯಲು ಮಾತ್ರ ಸೂರಿನಿಂದ ಬೀಳುವ ಮಳೆ ನೀರನ್ನು ಡ್ರಮ್ಮಿನಲ್ಲಿ ಹಿಡಿಯುತ್ತಾರೆ. ಡ್ರಮ್ಮು ಸಾಲಾಗಿ ಇಟ್ಟದ್ದು ಕಂಡಾಗ ಮಾತ್ರ ನನಗೆ ಊರಿನ ನೆನಪಾಗಿ ಸಮಾಧಾನವಾಯಿತು. ಟ್ಯಾಂಕರ್ ಬರುವ ದಿನ ನಮ್ಮ ಬೀದಿಯಲ್ಲಿ ಇಡುವುದೂ ಹೀಗೇ.

ಅಜ್ಜಿಯನ್ನು ಎಲ್ಲರೂ 'ತಾಂಬಿ' ಅನ್ನುತ್ತಾರೆ. ಇವರ ಮಾತಿನಲ್ಲಿ ಹಾಗಂದರೆ ಅಜ್ಜಿ. ನಮ್ಮ ಕಡೆ ತಮಿಳರ ಸಹವಾಸದಿಂದ ತಂಬಿ ಅಂದರೆ ತಮ್ಮ ಅಂತ ಎಲ್ಲರಿಗೂ ಗೊತ್ತಲ್ಲ, ಯಜಮಾನರು ಇವತ್ತಿಗೂ ಆಕೆಯನ್ನು ಕರೆಯುವಾಗ ನಗು ತಡೆಯಲು ಒದ್ದಾಡುತ್ತಾರೆ. ಪಕ್ಕದ ಮನೆಯಾಕೆ 'ಮಿನಾ', ಅಂದರೆ ಚಿಕ್ಕಮ್ಮ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಗಂಡ ಇಲ್ಲ. ನಮ್ಮ ಹಿತ್ತಲು ಮುಗಿಯುವಲ್ಲಿ ಅವರ ರಬ್ಬರ್ ತೋಟ ಶುರು. ತೋಟದ ಆಚೆ ಅವರ 'ಬೆಜೆ'. ಬೆಜೆ ಅಂದರೆ ನಮ್ಮ ನೀರಿನ ಕುಂಟೆಯಂಥದ್ದೇ. ಮಳೆಗಾಲದಲ್ಲಿ ಕಾಡೆಲ್ಲ ನೀರಾದಾಗ ಮೀನು ಒಳಗೆ ಬರುತ್ತವೆ, ನೀರು ಇಳಿದಾಗ ಕುಂಟೆಯಲ್ಲೇ ಉಳಿದುಬಿಡುತ್ತವೆ. ಸಾಕುವ ಕೆಲಸವಿಲ್ಲ, ಹಿಡಿಯುವುದಷ್ಟೇ. ಮಿನಾ ಮುಂಜಾನೆ ರಬ್ಬರ್ ಹಾಲು ಇಳಿಸುತ್ತಾರೆ, ಮಧ್ಯಾಹ್ನ 'ಪುರುನ್' ಎಂಬ ಜೊಂಡಿನಲ್ಲಿ ಚಾಪೆ ಹೆಣೆಯುತ್ತಾರೆ, ಸಂಜೆ ಬೆಜೆಯಲ್ಲಿ ಬಲೆ ನೋಡುತ್ತಾರೆ. ತೋಟ, ಜೊಂಡು, ಮೀನು ಮೂರೂ ಆ ಒದ್ದೆ ಕಪ್ಪು ನೆಲದ್ದೇ. ಅದು ಹೋದರೆ ಅವರಿಗೆ ಬೇರೇನೂ ಇಲ್ಲ.

ನನ್ನನ್ನು ಬದುಕಿಸಿದ್ದು ಮಿನಾ. ನನ್ನ ಹೆಸರು ರತ್ನಮ್ಮ ಅಂದಾಗ, "ರತ್ನಾ? ಅದು ನಮ್ಮ ಹೆಸರು!" ಅಂತ ಅವರು ಕೈ ತಟ್ಟಿದರು. ಇಲ್ಲೂ ಹೆಣ್ಣುಮಕ್ಕಳಿಗೆ ರತ್ನಾ ಅಂತ ಇಡುತ್ತಾರೆ. ಗಂಡನಿಗೆ ಇಂಡೋನೇಷ್ಯಾ ಭಾಷೆಯಲ್ಲಿ 'ಸುಆಮಿ' ಅನ್ನುತ್ತಾರೆ ಅಂತ ಕಲಿಸಿದರು. ನಾನು ಮನೆಗೆ ಬಂದು ಹೇಳಿದ್ದಕ್ಕೆ ಯಜಮಾನರು ಎರಡು ದಿನ ಎದೆ ಉಬ್ಬಿಸಿಕೊಂಡು ಓಡಾಡಿದರು. 'ಕಲಕಾಯಿ' ಅನ್ನುವ ಕೆಂಪು ಚಿಗುರಿನ ಜರಿಸೊಪ್ಪನ್ನು ತೋರಿಸಿಕೊಟ್ಟರು. ಗಂಬುತ್ ಮೇಲೆ ತಾನೇ ತಾನಾಗಿ ಬೆಳೆಯುತ್ತದೆ. ನಾನು ಅದನ್ನು ಹೆಸರುಕಾಳಿನ ಜೊತೆ ಬೇಯಿಸಿ, ಬಸಿದು, ಖಾರ ರುಬ್ಬಿ ಬಸ್ಸಾರು ಮಾಡಿದೆ. ಸೊಪ್ಪು ಕಂಡರೆ ಬಿಡುವ ಜಾತಿಯೇ ನಮ್ಮದು? ಬಸ್ಸಾರು ಕುಡಿದ ದಿನ ನನಗೆ ಮೊದಲ ಸಲ ಇಲ್ಲಿ ನಿದ್ದೆ ಚೆನ್ನಾಗಿ ಬಂತು.

ಆದರೆ ಬಸ್ಸಾರಿಗೆ ಮುದ್ದೆ ಬೇಕು.

ಶ್ರಾವಣದ ಹೊತ್ತಿಗೆ ಇಲ್ಲಿ ಬಿಸಿಲುಗಾಲ. ಯಜಮಾನರ ಜೊತೆ ಕೆಲಸ ಮಾಡುವ ಶ್ರೀನಿವಾಸಪುರದವರೊಬ್ಬರು ರಜೆಗೆ ಹೋದವರು ಐದು ಕೆಜಿ ರಾಗಿ ಹಿಟ್ಟು ತಂದುಕೊಟ್ಟರು. ಪೊಟ್ಟಣ ಬಿಚ್ಚಿ ಮೂಸಿದಾಗ ನನಗೆ ಅಳು ಬಂದುಬಿಟ್ಟಿತು, ನಾಚಿಕೆ ಇಲ್ಲದೆ ಅತ್ತೆ. ಮಿನಾರನ್ನು ಊಟಕ್ಕೆ ಕರೆದೆ. ಮನೆಯೊಳಗಿನ ಗ್ಯಾಸ್ ಸ್ಟವ್ ಎದೆಯೆತ್ತರದ ಮೇಜಿನ ಮೇಲಿದೆ. ಅಲ್ಲಿ ಮುದ್ದೆ ತೊಳಸಲು ಹೋದರೆ ಪಾತ್ರೆ ಕುಣಿಯುತ್ತದೆ, ಕೆಳಗಿನ ಹಲಗೆಯೂ ಕುಣಿಯುತ್ತದೆ. ಮುದ್ದೆಗೆ ನೆಲದ ಮೇಲಿನ ಒಲೆ ಬೇಕು, ಪಾತ್ರೆಯನ್ನು ಅದುಮಿ ಹಿಡಿದು ಕೋಲಿಗೆ ಮೈಭಾರ ಹಾಕಬೇಕು. ಬೋರಿನ ಕಟ್ಟೆ ಕಟ್ಟಿ ಮಿಕ್ಕಿದ್ದ ಮೂರು ಕಾಂಕ್ರೀಟ್ ತುಂಡು ತಂದು, ಹಿತ್ತಲ ಕೊನೆಯಲ್ಲಿ ಒಲೆ ಹೂಡಿದೆ. ಒಣ ರಬ್ಬರ್ ಕಡ್ಡಿ ಚೆನ್ನಾಗಿ ಉರಿಯಿತು.

ಬಿಸಿಲುಗಾಲದಲ್ಲಿ ನೆಲದ ಮೇಲೆ ಬೆಂಕಿ ಹಾಕಬಾರದು ಅಂತ ಊರಿನವರು ಸಭೆಯಲ್ಲಿ ಹೇಳಿದ್ದರು. ನಾನೂ ತಲೆ ಆಡಿಸಿದ್ದೆ. ಹೊಲ ಸುಡುವವರಿಗೆ ಹೇಳುತ್ತಿದ್ದಾರೆ, ಮುದ್ದೆ ತೊಳಸುವವಳಿಗಲ್ಲ ಅಂದುಕೊಂಡಿದ್ದೆ. ಅಡುಗೆ ಆದ ಮೇಲೆ ಬೇಜವಾಬ್ದಾರಿಯಾಗಿ ಎದ್ದು ಬರಲೂ ಇಲ್ಲ ನಾನು. ಅಮ್ಮ ಕಲಿಸಿದ ಹಾಗೆ, ಅತ್ತೆ ಕಲಿಸಿದ ಹಾಗೆ, ಕೊಳ್ಳಿಗಳನ್ನು ಹಿಂದಕ್ಕೆಳೆದು, ಕೆಂಡದ ಮೇಲೆ ಬೊಗಸೆ ಬೊಗಸೆ ಮಣ್ಣು ಹಾಕಿ ಮುಚ್ಚಿ, ಕಾಲಲ್ಲಿ ತುಳಿದೆ. ಒಂದೆಳೆ ಹೊಗೆ ಇಲ್ಲ ಅಂತ ನೋಡಿಕೊಂಡೇ ಒಳಗೆ ಬಂದೆ. ನೀರು ದಂಡ ಮಾಡದೆ ಬೆಂಕಿ ಆರಿಸುವುದು ನಮ್ಮ ಕಡೆ ಹೆಂಗಸರ ರಕ್ತದಲ್ಲೇ ಇದೆ.

ಮಿನಾ ಬಂದರು. ನುಂಗು ಅಂದರೂ ಕೇಳದೆ ಮುದ್ದೆಯನ್ನು ಕಚಕಚ ಅಗಿದರು. ಹಲ್ಲಿಗೆ ಮೆತ್ತಿಕೊಂಡು ಪಡಬಾರದ ಪಾಡು ಪಟ್ಟರು. ಆಮೇಲೆ, "ಇದು ಊಟನಾ, ದೋಣಿಯ ತೂತಿಗೆ ಮೆತ್ತೋದಾ?" ಅಂತ ಕೇಳಿದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆರನೆಯ ದಿನ ಮಿನಾರ ತೋಟದಲ್ಲಿ ಹೊಗೆ ಕಾಣಿಸಿತು. ಉರಿ ಇಲ್ಲ, ಬರೀ ಹೊಗೆ, ರಬ್ಬರ್ ಮರಗಳ ಬುಡದಿಂದ ಬಿಳಿಯಾಗಿ ಏಳುತ್ತಿತ್ತು. ಊರಿನ ಕಾವಲು ತಂಡದವರು ಓಡಿ ಬಂದರು, ಯಜಮಾನರು ಪಂಪು ಹೊತ್ತುಕೊಂಡು ಹೋದರು. ಊರಿನ ಮುಖ್ಯಸ್ಥರು ಮಿನಾರನ್ನು ಕೂರಿಸಿಕೊಂಡು ಕೇಳುತ್ತಿದ್ದರು. ತೋಟ ಯಾರದೋ, ಬೆಂಕಿಗೆ ಉತ್ತರವನ್ನೂ ಅವರೇ ಹೇಳಬೇಕು, ಇಲ್ಲಿನ ಕಟ್ಟಳೆ ಅದು. ಬೆಂಕಿ ಹಾಕಿದ್ದು ರುಜುವಾದರೆ ಪೊಲೀಸರ ತನಕ ಹೋಗುತ್ತದೆ. ಮಿನಾರ ಗಂಡ ಬದುಕಿದ್ದಾಗ ಒಮ್ಮೆ ಕಸ ಸುಟ್ಟು ತೋಟ ಹೊತ್ತಿಕೊಂಡಿತ್ತಂತೆ. ಅದನ್ನು ಯಾರೂ ಮರೆತಿರಲಿಲ್ಲ. "ನಾನು ಹಾಕಲಿಲ್ಲ, ನಾನು ಹಾಕಲಿಲ್ಲ" ಅಂತ ಮಿನಾ ಹೇಳುತ್ತಲೇ ಇದ್ದರು. ನಂಬಿದವರ ಮುಖ ಒಂದೂ ಕಾಣಲಿಲ್ಲ.

ನಾನು ಹಿತ್ತಲಿಗೆ ಹೋಗಿ ನೋಡಿದೆ. ನನ್ನ ಮೂರು ಕಾಂಕ್ರೀಟ್ ತುಂಡುಗಳು ಇದ್ದ ಜಾಗದಲ್ಲಿ ಇರಲಿಲ್ಲ, ಮೊಳದಾಳದ ಗುಂಡಿಯೊಳಗೆ ಬಿದ್ದಿದ್ದವು. ಗುಂಡಿಯ ತುಂಬ ಬೂದಿ. ಕೈ ಇಟ್ಟರೆ ಬಿಸಿ. ಗುಂಡಿಯಿಂದ ಮಿನಾರ ತೋಟದ ಕಡೆಗೆ ನೆಲ ಹಾವು ಹೋದ ಹಾಗೆ ಸಣ್ಣಗೆ ಕುಸಿದಿತ್ತು. ಕೆಂಡ ಆರಲಿ ಅಂತ ನಾನು ಹಾಕಿದ್ದು ಮಣ್ಣಲ್ಲ, ಸೌದೆ. ಬೆಂಕಿಗೆ ಬೊಗಸೆಯಲ್ಲಿ ಉಣಿಸಿ, ಬೆಚ್ಚಗೆ ಹೊದಿಸಿ ಬಂದಿದ್ದೆ.

ಯಜಮಾನರನ್ನು ಪಕ್ಕಕ್ಕೆ ಕರೆದು ತೋರಿಸಿದೆ. ಅವರ ಮುಖ ಇಳಿದುಹೋಯಿತು.

"ಏಮೇ, ಬಾಯಿ ಮುಚ್ಕೊಂಡಿರು. ಬೆಂಕಿ ಆರ್ಸೋಕೆ ಬಂದೋನ್ ಹೆಂಡ್ತೀನೇ ಬೆಂಕಿ ಹಚ್ಚಿದ್ಲು ಅಂದ್ರೆ ಇವತ್ತೇ ಗಂಟುಮೂಟೆ ಕಟ್ಟಿಸ್ತಾರೆ."

"ಮಿನಾರನ್ನ ಕೂರಿಸ್ಕೊಂಡು ಕೇಳ್ತಾವ್ರೆ, ನೋಡ್ಲಿಲ್ವಾ ನೀವು?"

"ನೋಡ್ದೆ." ತಲೆ ತಗ್ಗಿಸಿದರು. "ನಿನ್ ಇಷ್ಟ. ಹೇಳೋದಾದ್ರೆ ನಾನೂ ಪಕ್ಕದಲ್ಲಿ ನಿಂತ್ಕೋತೀನಿ."

ಅದೊಂದು ಮಾತಿಗೆ ನಾನು ಈ ಮನುಷ್ಯನ ಹಿಂದೆ ಕಲ್ಲಿಲ್ಲದ ಊರಿಗೆ ಬಂದದ್ದು ಸಾರ್ಥಕ ಅನ್ನಿಸಿತು. ಇಬ್ಬರೂ ಹೋದೆವು. ನನಗೆ ಬರುತ್ತಿದ್ದದ್ದು ಹರಕು ಮುರುಕು ಭಾಷೆ. "ಆಪಿ ಸಾಯಾ" ಅಂದೆ. ಬೆಂಕಿ ನನ್ನದು. ಎಲ್ಲರೂ ತಿರುಗಿದರು. ಒಲೆ ಹೂಡಿದ್ದನ್ನು, ಮುದ್ದೆ ತೊಳಸಿದ್ದನ್ನು, ಬೊಗಸೆಯಲ್ಲಿ ಮಣ್ಣು ಹಾಕಿ ತುಳಿದದ್ದನ್ನು ಕುಣಿದು ತೋರಿಸಿದ ಹಾಗೆ ತೋರಿಸಿದೆ. ಕಣ್ಣಲ್ಲಿ ನೀರು ಹರಿಯುತ್ತಿತ್ತು.

ತಾಂಬಿ ನಗತೊಡಗಿದರು. "ಮಣ್ಣು ಹಾಕಿದಳಂತೆ! ಬೆಂಕಿಗೆ ಮಣ್ಣು ಹಾಕಿದಳಂತೆ!" ನಕ್ಕು ನಕ್ಕು ಕೆಮ್ಮು ಬಂತು, ಯಾರೋ ಬೆನ್ನು ತಟ್ಟಿದರು. ನಗು ಒಬ್ಬರಿಂದೊಬ್ಬರಿಗೆ ಹತ್ತಿತು, ಮುಖ್ಯಸ್ಥರೂ ಟೋಪಿ ತೆಗೆದು ಮುಖ ಮುಚ್ಚಿಕೊಂಡರು. ಮಿನಾ ನಗಲಿಲ್ಲ. ನನ್ನ ಮುಖವನ್ನೂ ನೋಡದೆ ಎದ್ದು ಹೊಗೆಯ ಕಡೆಗೆ ನಡೆದುಬಿಟ್ಟರು. ಪೊಲೀಸರ ಮಾತು ಅಲ್ಲಿಗೆ ನಿಂತಿತು ಅನ್ನುವುದೂ ಆಗ ನನ್ನ ಕಿವಿಗೆ ಬೀಳಲಿಲ್ಲ.

ಬೆಂಕಿ ಆರಲು ನಾಲ್ಕು ದಿನ ಹಿಡಿಯಿತು. ಯಜಮಾನರು ಕೊರೆಸಿದ್ದ ಬೋರಿನಿಂದ ನೀರು ಎತ್ತಿ, ಪೈಪನ್ನು ನೆಲದೊಳಕ್ಕೆ ತೂರಿಸಿ ಬಿಡುವುದು, ಕೋಲಿನಿಂದ ಕಲಸಿ ಕೆಸರು ಮಾಡುವುದು, ಕೈ ಇಟ್ಟು ಬಿಸಿ ನೋಡುವುದು, ಮತ್ತೆ ಬಿಡುವುದು. ನೀರಿನ ಮೇಲೆ ಕೂತು ಬೋರ್ ಯಾಕೆ ಕೊರೆಯುತ್ತಾರೆ ಅನ್ನುವ ಅಪ್ಪನ ಪ್ರಶ್ನೆಗೆ ಉತ್ತರ ನನಗೆ ಆಗ ಸಿಕ್ಕಿತು. ಬಿಸಿಲುಗಾಲದಲ್ಲಿ ಕಾಲುವೆ ಬತ್ತುತ್ತದೆ, ಮೇಲಿನ ಕಪ್ಪು ನೆಲ ಒಣಗುತ್ತದೆ, ಆಗ ಆಳದ ನೀರೇ ಗತಿ. ನಾನೂ ಸಾಲಿನಲ್ಲಿ ನಿಂತು ಕೆಸರು ಕಲಸಿದೆ. ಹೊಗೆಗೆ ಗಂಟಲು ಕಟ್ಟಿಹೋಯಿತು. ನಾಲ್ಕನೆಯ ದಿನ ಸಂಜೆ ನೆಲ ತಣ್ಣಗಾಯಿತು. ಬೆಜೆ ಉಳಿಯಿತು, ಮುಕ್ಕಾಲು ತೋಟ ಉಳಿಯಿತು. ಹನ್ನೊಂದು ರಬ್ಬರ್ ಮರಗಳು ಮಾತ್ರ ಬೇರಿನ ಕೆಳಗೆ ಹಿಡಿತವಿಲ್ಲದೆ, ಹಸಿರು ಎಲೆ ಇರುವಾಗಲೇ, ಒಂದೊಂದಾಗಿ ಒರಗಿ ಬಿದ್ದವು. ಒಂದೊಂದು ಬಿದ್ದಾಗಲೂ ನಾನು ಮನೆಯೊಳಗೆ ಕೂತು ಆ ಸದ್ದು ಕೇಳಿದೆ.

ತಪ್ಪಿಗೆ ಏನು ಮಾಡಬೇಕು ಅಂತ ಹಿರಿಯರು ಕೂತು ಮಾತಾಡಿದರು. ನಾವು ಹನ್ನೊಂದು ಸಸಿ ನೆಟ್ಟು ಬೆಳೆಸಿಕೊಡಬೇಕು, ಅದು ಸರಿ. ಇನ್ನೊಂದು ಇತ್ತು. ಈ ಊರಿನ ಕಾಲುವೆಗೆ ಅಡ್ಡಲಾಗಿ 'ತಾಬಾತ್' ಅಂತ ಒಂದು ಸಣ್ಣ ಕಟ್ಟೆ ಇದೆ. ಕಾಡಿನ ನೀರು ನದಿಗೆ ಓಡಿಹೋಗದಂತೆ ಮರದ ಹಲಗೆ ಇಳಿಸಿ ತಡೆಯುತ್ತಾರೆ. ಪಕ್ಕದಲ್ಲಿ ನೆಲಕ್ಕಿಳಿಸಿದ ತೂತು ತೂತಿನ ಪೈಪು. ಅದರೊಳಗೆ ಕೋಲು ಬಿಟ್ಟು ನೀರು ಎಷ್ಟು ಇಳಿದಿದೆ ಅಂತ ನೋಡಬೇಕು. ಒಂದು ಮೊಳಕ್ಕಿಂತ ಕೆಳಗೆ ಹೋದರೆ ನೆಲ ಉರಿಯಲು ಸಿದ್ಧ ಅಂತ ಅರ್ಥ. ಅಳೆಯುತ್ತಿದ್ದವರು ಎಣ್ಣೆತಾಳೆ ತೋಟದ ಕೆಲಸಕ್ಕೆ ಹೋಗಿಬಿಟ್ಟಿದ್ದರು. "ನೆಲ ಏನು ಕುಡಿಯುತ್ತೆ ಅಂತ ಗೊತ್ತಿಲ್ಲದವಳು ಇವಳು. ದಿನಾ ಬೆಳಿಗ್ಗೆ ಹೋಗಿ ನೋಡಲಿ, ಊರಿಗೆ ಹೇಳಲಿ, ಕಲಿಯಲಿ" ಅಂದರು ತಾಂಬಿ.

ನಾನು ಕೂತಲ್ಲಿಂದ ಎದ್ದು ನಿಂತುಬಿಟ್ಟೆ. ಯಾಕೆ ಅಂತ ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಮ್ಮದು ನೀರಗಂಟಿ ಮನೆತನ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡುವುದು ನಮ್ಮ ತಾತನ ಕೆಲಸ, ಆಮೇಲೆ ಅಪ್ಪನದು. ಚಿಕ್ಕವಳಿದ್ದಾಗ ಬೆಳಿಗ್ಗೆ ಏರಿಯ ಮೇಲೆ ಅಪ್ಪನ ಹಿಂದೆ ಓಡುತ್ತಿದ್ದೆ. ತೂಬಿನ ಹತ್ತಿರ ಬಂದ ಕೂಡಲೇ, "ನೀನು ಇಲ್ಲೇ ನಿಲ್ಲಮ್ಮಾ. ಹೆಣ್ಮಕ್ಳು ತೂಬು ಮುಟ್ಬಾರ್ದು" ಅನ್ನುತ್ತಿದ್ದರು. ಆಮೇಲೆ ಬೋರ್‌ವೆಲ್ ಬಂತು, ಕೆರೆ ಬತ್ತಿತು, ಅಪ್ಪನ ಕೆಲಸ ಹೋಯಿತು. ಸಾಲದ್ದಕ್ಕೆ ಬೋರ್ ಮೆಕ್ಯಾನಿಕ್ಕೇ ಅಳಿಯನಾಗಿ ಬಂದರು. "ನೆಲಕ್ಕೆ ತೂತು ಹಾಕೋನಿಗೆ ಮಗಳನ್ನ ಕೊಟ್ಟೆ" ಅಂತ ಅಪ್ಪ ಇವತ್ತಿಗೂ ಹಂಗಿಸುತ್ತಾರೆ. ಆ ಕೆಲಸ ಸಮುದ್ರದಾಚೆಯ ಜೌಗಿನಲ್ಲಿ, ಶಿಕ್ಷೆಯಾಗಿ, ನನಗೆ ಬಂತು.

ಅಪ್ಪನಿಗೆ ಹೇಳಿದೆ. ಅಪ್ಪ ಬಯ್ಯುತ್ತಾರೆ ಅಂದುಕೊಂಡಿದ್ದೆ. "ಹಲಗೆ ಎಷ್ಟವೆ? ಒಸರ್ತದಾ? ಸಂದೀಗೆ ಏನ್ ಮೆತ್ತವ್ರೆ?" ಅಂತ ಒಂದೇ ಸಮನೆ ಕೇಳಿದರು. ಅವತ್ತಿನಿಂದ ದಿನಾ ಕೇಳುತ್ತಾರೆ. ಅಣ್ಣನ ಮನೆಯ ಮೊಮ್ಮಕ್ಕಳೆಲ್ಲ, "ತಾತಾ, ನಿಮ್ಮ ಕೆರೆ ಎಷ್ಟು ತುಂಬ್ತು?" ಅಂತ ಛೇಡಿಸುತ್ತಾರಂತೆ.

ಮಿನಾ ಎರಡು ತಿಂಗಳು ಮಾತಾಡಲಿಲ್ಲ. ನಾನು ದಿನಾ ಅವರ ಮನೆ ಮುಂದೆ ಹಾದು ತಾಬಾತ್‌ಗೆ ಹೋಗುತ್ತಿದ್ದೆ, ಅವರು ಚಾಪೆಯಿಂದ ತಲೆ ಎತ್ತುತ್ತಿರಲಿಲ್ಲ. ಒಂದು ಬೆಳಿಗ್ಗೆ ಪೈಪಿನಲ್ಲಿ ನೀರು ಮೊಳದಷ್ಟು ಕೆಳಗೆ ಇಳಿದಿತ್ತು. ಊರಿನ ಗಂಡಸರು ಯಾರೂ ಹತ್ತಿರ ಇರಲಿಲ್ಲ. ಸೊಂಟದ ಮಟ್ಟ ಕಾಲುವೆಗೆ ಇಳಿದು ಒಬ್ಬಳೇ ಹಲಗೆ ಕೂರಿಸಲು ಒದ್ದಾಡುತ್ತಿದ್ದೆ. ಹಲಗೆಯ ಇನ್ನೊಂದು ತುದಿ ಇದ್ದಕ್ಕಿದ್ದಂತೆ ಹಗುರಾಯಿತು. ಮಿನಾ ನೀರಿನಲ್ಲಿ ನಿಂತಿದ್ದರು. ಇಬ್ಬರೂ ಸೇರಿ ಒತ್ತಿದೆವು, ಹಲಗೆ ಕೂತಿತು. ಸಂದಿಯಲ್ಲಿ ನೀರು ಒಸರುತ್ತಲೇ ಇತ್ತು. ಮಿನಾ ಅದನ್ನು ನೋಡಿ, ನನ್ನ ಮುಖ ನೋಡಿ, "ನಿನ್ನ ಊಟ ಇದ್ದರೆ ಮೆತ್ತಬಹುದಿತ್ತು" ಅಂದರು. ನಾನು ಕಾಲುವೆಯಲ್ಲಿ ನಿಂತೇ ಅತ್ತೆ, ಅವರು ನಕ್ಕರು.

ಇದೆಲ್ಲ ಆಗಿ ಎರಡು ವರ್ಷವಾಯಿತು. ಸಸಿಗಳು ನನ್ನ ಭುಜ ದಾಟಿವೆ. ಈ ಶ್ರಾವಣದಲ್ಲಿ ಮಗಳ ಮಗುವಿನ ನಾಮಕರಣಕ್ಕೆ ಲಕ್ಕೂರಿಗೆ ಹೋಗಿದ್ದೆ. ಕೇಳದೆಯೇ ಮುದ್ದೆ ಸಿಗುವ ಊರು, ಕಾಲಿಗೆ ಕಲ್ಲು ಒತ್ತುವ ಊರು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಾಡಿದೆ. ಮನೆ ಮುಂದೆ ದೊಡ್ಡ ಒಲೆ ಹೂಡಿ ಅಡುಗೆ ಆಯಿತು. ಎಲ್ಲ ಮುಗಿದ ಮೇಲೆ ನಮ್ಮ ಬೀಗಿತ್ತಿ ಸಲಿಕೆಯಲ್ಲಿ ಮಣ್ಣು ತೆಗೆದು ಕೆಂಡದ ಮೇಲೆ ಹಾಕಿದರು. ನಾನು, "ಬೇಡಾ!" ಅಂತ ಕಿರುಚಿ, ಪಕ್ಕದಲ್ಲಿದ್ದ ತುಂಬಿದ ಬಿಂದಿಗೆ ಎತ್ತಿ ಒಲೆಗೆ ಸುರಿದುಬಿಟ್ಟೆ.

"ಅಯ್ಯೋ, ಟ್ಯಾಂಕರ್ ನೀರು ಕಣಮ್ಮಾ ಅದು! ಏನಾಯ್ತು ನಿಮಗೆ?" ಅಂದರು ಬೀಗಿತ್ತಿ.

ಬಂದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹುಟ್ಟಿದ ಸೀಮೆಯಲ್ಲಿ ಕೆಂಡ ಆರಿಸಲು ಬಾರದವಳಾಗಿ ನಿಂತಿದ್ದೆ. ನನಗೆ ನಿಜವಾಗಿಯೂ ಭಯವಾಯಿತು. ಬಿಂದಿಗೆ ಕೆಳಗಿಟ್ಟು, ಕೆಂಪು ಮಣ್ಣಿನ ಮೇಲೆ ಅಂಗೈ ಇಟ್ಟು ಬಿಸಿ ಇದೆಯಾ ಅಂತ ನೋಡಿದೆ. ಇರಲಿಲ್ಲ.

ಅಷ್ಟರಲ್ಲಿ ಫೋನ್ ಸದ್ದು ಮಾಡಿತು. ನಾನಿಲ್ಲದಾಗ ನೀರು ಅಳೆಯುವುದು ಮಿನಾ. ಮಾತನ್ನು ರೆಕಾರ್ಡ್ ಮಾಡಿ ಕಳಿಸಿದ್ದರು: "ರತ್ನಾ, ನೀರು ಒಂದು ಗೇಣು ಇಳಿದಿದೆ. ನೀನು ಪುಲಾಂಗ್ ಯಾವಾಗ?" ಪುಲಾಂಗ್ ಅಂದರೆ ಸುಮ್ಮನೆ ವಾಪಸು ಬರುವುದಲ್ಲ. ಹೊಲದಿಂದ, ಪೇಟೆಯಿಂದ, ಯಾವುದೋ ಊರಿಂದ ತನ್ನ ಮನೆಗೆ ಬರುವುದು.

ಪಕ್ಕದ ಕುರ್ಚಿಯಲ್ಲಿ ಅಪ್ಪ ಕೂತಿದ್ದರು. "ಏನಂತಮ್ಮಾ?"

"ನೀರು ಒಂದು ಗೇಣು ಇಳಿದೈತಂತೆ ಅಪ್ಪಾ."

ಅಪ್ಪ ಏರಿಯ ಮೇಲೆ ನಿಂತಾಗ ನೋಡುತ್ತಿದ್ದ ಹಾಗೆ ಒಂದು ಸಲ ಮೇಲೆ ನೋಡಿದರು. ಅದು ಲಕ್ಕೂರಿನ ಆಕಾಶ, ಆದರೂ ನೋಡಿದರು. "ಇನ್ನೊಂದು ಹಲಗೆ ಇಳಿಸಕ್ಕೇಳು. ಮಳೆ ಬರೋಗಂಟ ಯಾರೂ ತೆಗೀಬಾರ್ದು ಅನ್ನು."

ಮಿನಾಗೆ ಫೋನ್ ಮಾಡಿ, ಅಪ್ಪ ಹೇಳಿದ್ದನ್ನು ಅವರ ಮಾತಿನಲ್ಲಿ ಹೇಳಿದೆ. ಪುಲಾಂಗ್ ಯಾವಾಗ ಅನ್ನುವ ಇನ್ನೊಂದು ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಕೊಡುವಾಗ, ಅಪ್ಪನಿಗೆ ಆ ಭಾಷೆ ಒಂದಕ್ಷರ ಬರುವುದಿಲ್ಲ ಅಂತ ಗೊತ್ತಿದ್ದರೂ, ಅವರ ಕಡೆಗೆ ಬೆನ್ನು ಮಾಡಿ ನಿಂತುಕೊಂಡೆ.